ಟೆಂಪರೇಚರ್ ಮೀಟರಿನ ಮುಳ್ಳು ಏರಿಳಿಯುತ್ತಿದೆಯೇ? ಸ್ಪ್ಯಾನರ್ ಹಿಡಿಯುವ ಮುನ್ನ ನೋಡಬೇಕಾದ್ದು

ಎಂಜಿನ್ ಕುದಿದು ಬಾನೆಟ್ ಸಂದಿಯಿಂದ ಆವಿ ಏಳುತ್ತಿದ್ದರೆ ಏನೋ ಕೆಟ್ಟಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚು ಕಾಡುವುದು ಏರಿ ತಾನಾಗಿಯೇ ಇಳಿಯುವ ಮುಳ್ಳು. ಘಾಟಿಯಲ್ಲಿ ಮುಕ್ಕಾಲಿಗೆ ಏರಿದ್ದು ಗ್ಯಾರೇಜ್ ತಲುಪುವ ಹೊತ್ತಿಗೆ ಮಧ್ಯಕ್ಕೆ ಬಂದು ನಿಂತಿರುತ್ತದೆ. ಮೆಕ್ಯಾನಿಕ್‌ಗೆ ತೋರಿಸಲು ಏನೂ ಇರುವುದಿಲ್ಲ. ಅವರು ಅಂದಾಜಿನ ಮೇಲೆ ಮೊದಲು ಸೆನ್ಸರ್ ಬದಲಿಸುತ್ತಾರೆ, ಆಮೇಲೆ ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲಷ್ಟೇ ತಣಿಸುವ ದ್ರವವನ್ನು ರೇಡಿಯೇಟರಿಗೆ ಬಿಡುವ ವಾಲ್ವ್), ಕೊನೆಗೆ ರೇಡಿಯೇಟರ್. ಅಷ್ಟು ದುಡ್ಡು ಹೋದ ಮೇಲೂ ಮುಳ್ಳು ಕುಣಿಯುವುದು ನಿಲ್ಲದಿದ್ದರೆ ಆಶ್ಚರ್ಯವಿಲ್ಲ, ಏಕೆಂದರೆ ಅಲ್ಲಿಯವರೆಗೆ ಯಾರೂ ದೋಷ ಹುಡುಕಿಯೇ ಇರುವುದಿಲ್ಲ.

ಈ ದೋಷದ ಅರ್ಧ ಉತ್ತರ ಮುಳ್ಳಿನ ನಡಿಗೆಯಲ್ಲೇ ಇರುತ್ತದೆ. ಎಷ್ಟು ಬೇಗ ಏರಿತು, ಆಗ ಗಾಡಿ ನಿಂತಿತ್ತೋ ಓಡುತ್ತಿತ್ತೋ, ಎಸಿ ಹಾಕಿತ್ತೋ, ಹೆಡ್‌ಲೈಟ್ ಉರಿಯುತ್ತಿತ್ತೋ, ಇಳಿದದ್ದು ನಿಧಾನಕ್ಕೋ ಒಮ್ಮೆಲೇ ಬಿದ್ದಂತೋ. ಪಕ್ಕದ ಸೀಟಿನಲ್ಲಿ ಕೂತವರ ಕೈಗೆ ಪೆನ್ನು ಹಾಳೆ ಕೊಟ್ಟು ಇಷ್ಟನ್ನು ಬರೆಸಿಕೊಳ್ಳಿ. ಮುಂದಿನ ಪರೀಕ್ಷೆಗಳೆಲ್ಲ ಆ ಹಾಳೆಯ ಮೇಲೆ ನಿಂತಿವೆ.

ಅದಕ್ಕೂ ಮೊದಲು ಎರಡು ಎಚ್ಚರಿಕೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒಳಗಿನ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಒತ್ತಡದಲ್ಲಿರುವುದರಿಂದಲೇ ಕುದಿಯದೆ ನಿಂತಿರುತ್ತದೆ. ಕ್ಯಾಪ್ ಸಡಿಲಿಸಿದ ಕ್ಷಣ ಒತ್ತಡ ಹೋಗಿ ಕುದಿದು ಆವಿಯ ಜೊತೆ ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಹಾಕಿ ನಿಧಾನಕ್ಕೆ ತಿರುಗಿಸುತ್ತೇನೆ ಎನ್ನುವುದೂ ಬೇಡ. ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಡಿದು ಹಿಸುಕುವಷ್ಟು ತಣ್ಣಗಾಗಲಿ, ಆಮೇಲೆ ತೆರೆಯಿರಿ.

ಎರಡನೆಯದು ಹೆಚ್ಚಿನವರಿಗೆ ಗೊತ್ತಿಲ್ಲದ್ದು. ಏರಿದ್ದ ಮುಳ್ಳು ಓಡುತ್ತಿರುವಾಗಲೇ ತಟ್ಟನೆ ತಣ್ಣನೆಯ ಕಡೆ ಬಿದ್ದರೆ ನಿಟ್ಟುಸಿರು ಬಿಡಬೇಡಿ, ಗಾಡಿ ನಿಲ್ಲಿಸಿ. ಸೆನ್ಸರ್ ಅಳೆಯುವುದು ತನ್ನ ಮೂತಿಗೆ ತಾಗಿದ ದ್ರವದ ಶಾಖವನ್ನು. ಹೋಸ್ ಒಡೆದು ಕೂಲೆಂಟೆಲ್ಲ ಸೋರಿಹೋದರೆ ಸೆನ್ಸರ್ ಬರೀ ಗಾಳಿಯಲ್ಲಿ ಉಳಿಯುತ್ತದೆ. ಎಂಜಿನ್ ಸುಡುತ್ತಿದ್ದರೂ ಮೀಟರ್ ಕಡಿಮೆ ತೋರಿಸಬಹುದು. ಕಾದು ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಾಗಿದ ಎಷ್ಟೋ ಗಾಡಿಗಳ ಚಾಲಕರು 'ಮೀಟರ್ ನಾರ್ಮಲ್ಲೇ ಇತ್ತಲ್ಲ' ಎನ್ನುವುದು ಇದೇ ಕಾರಣಕ್ಕೆ.

ಶಾಖ ನಿಜವೋ, ಮೀಟರ್ ಸುಳ್ಳು ಹೇಳುತ್ತಿದೆಯೋ

ಎಂಜಿನ್ ಎಂದರೆ ಹತ್ತಾರು ಕಿಲೋ ಲೋಹ, ಅದರೊಳಗೆ ಕೆಲವು ಲೀಟರ್ ಕೂಲೆಂಟ್. ಇಷ್ಟು ದೊಡ್ಡ ಗಡ್ಡೆ ಒಂದು ಸೆಕೆಂಡಿನಲ್ಲಿ ಮೂವತ್ತು ಡಿಗ್ರಿ ಕಾಯುವುದಿಲ್ಲ, ಒಂದು ಸೆಕೆಂಡಿನಲ್ಲಿ ಆರುವುದೂ ಇಲ್ಲ. ಹಾಗಾಗಿ ಗಾಡಿ ಹಳ್ಳ ಹತ್ತಿ ಇಳಿದಾಗ ಮುಳ್ಳು ಕುಪ್ಪಳಿಸಿದರೆ, ಇಂಡಿಕೇಟರ್ ಜೊತೆ ತಾಳ ಹಾಕಿದರೆ, ಕೀ ತಿರುಗಿಸಿದ ಕೂಡಲೇ ತುದಿಗೆ ಹೋದರೆ ಅದು ವೈರಿಂಗ್ ದೋಷ. ಒಂದೆರಡು ನಿಮಿಷದಲ್ಲಿ ಸಾವಕಾಶವಾಗಿ ಏರಿ ಹಾಗೆಯೇ ಇಳಿದರೆ ಶಾಖ ನಿಜ. ಇವೆರಡರ ನಡುವೆ ಮೂರನೆಯದೊಂದಿದೆ: ಕೆಲವು ಸೆಕೆಂಡುಗಳಲ್ಲಿ ಏರಿ ಜಾರಿ ಬೀಳುವುದು, ಜೊತೆಗೆ ಡ್ಯಾಶ್‌ಬೋರ್ಡಿನ ಒಳಗಿನಿಂದ ಗುಳುಗುಳು ಸದ್ದು. ಅದು ಕೂಲಿಂಗ್ ವ್ಯವಸ್ಥೆಯೊಳಗೆ ಸೇರಿಕೊಂಡ ಗಾಳಿ.

ಇಂಧನ ಇಂಜೆಕ್ಷನ್ ಬಂದ ಮೇಲಿನ ಬಹುತೇಕ ಕಾರುಗಳಲ್ಲಿ ಮುಳ್ಳು ಪೂರ್ತಿ ನಿಜ ಹೇಳುವುದಿಲ್ಲ. ಚಾಲಕ ಗಾಬರಿಯಾಗದಿರಲಿ ಎಂದು, ಎಂಜಿನ್ ಸುಮಾರು 75 ಡಿಗ್ರಿಯಿಂದ 105 ಡಿಗ್ರಿಯ ನಡುವೆ ಎಲ್ಲೇ ಇರಲಿ, ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಅಂಥ ಕಾರಿನ ಮುಳ್ಳು ಮಧ್ಯ ಬಿಟ್ಟು ಒಂದು ಗೆರೆ ಸರಿದರೂ ಒಳಗೆ ದೊಡ್ಡ ಬದಲಾವಣೆ ಆಗಿದೆ ಎಂದೇ ಅರ್ಥ. ಈಚಿನ ಹಲವು ಸಣ್ಣ ಕಾರುಗಳಲ್ಲಂತೂ ಮುಳ್ಳೇ ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ಮಿತಿ ಮೀರಿದಾಗ ಕೆಂಪು ದೀಪ, ನಡುವೆ ಮೌನ. ಇವುಗಳಿಗೆ ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿ) ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಒಂದು ತೆಗೆದುಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊಬೈಲಿನಲ್ಲಿ ಕೂಲೆಂಟ್ ಶಾಖ ಡಿಗ್ರಿ ಲೆಕ್ಕದಲ್ಲಿ ಕಾಣುತ್ತದೆ, ಗ್ರಾಫೂ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ದೋಷಕ್ಕೆ ಇದಕ್ಕಿಂತ ಉಪಯುಕ್ತ ಸಾಧನ ಇನ್ನೊಂದಿಲ್ಲ. ಮುಳ್ಳು ಕುಣಿಯುತ್ತಿದ್ದು ಸ್ಕ್ಯಾನರಿನಲ್ಲಿ ಅಂಕಿ ಸ್ಥಿರವಾಗಿದ್ದರೆ ಎಂಜಿನ್ ಚೆನ್ನಾಗಿದೆ, ಮೀಟರ್ ಅಥವಾ ಅದರ ವೈರ್ ಕೆಟ್ಟಿದೆ. ಹಳೆಯ ಕಾರಾದರೆ ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಗನ್ ಸಾಕು. ಥರ್ಮೋಸ್ಟಾಟ್ ಹೌಸಿಂಗಿಗೆ ಗುರಿಯಿಡಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ, ಆದ್ದರಿಂದ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ.

ವೈರಿಂಗ್ ಕಡೆಯ ದೋಷ

ಸೆನ್ಸರ್ ಒಳಗಿರುವುದು ಥರ್ಮಿಸ್ಟರ್. ಬಿಸಿಯಾದಷ್ಟೂ ಅದರ ರೋಧ ಕಡಿಮೆಯಾಗುತ್ತದೆ. ಎರಡು ವೈರಿನ ಸಾಮಾನ್ಯ ಸೆನ್ಸರ್ 20 ಡಿಗ್ರಿಯಲ್ಲಿ ಎರಡರಿಂದ ಮೂರು ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುತ್ತದೆ. ಸೆನ್ಸರಿಗೆ ವೈರ್ ಸಿಕ್ಕಿಸುವ ಕಪ್ಲರ್ ಬಿಚ್ಚಿ, ಮಲ್ಟಿಮೀಟರ್ ಹಚ್ಚಿ, ತಣ್ಣನೆಯ ಎಂಜಿನ್ನಿನಿಂದ ಶುರು ಮಾಡಿ ಬಿಸಿಯಾಗುವವರೆಗೆ ಆಗಾಗ ಅಳೆಯಿರಿ. ಅಂಕಿ ಒಂದೇ ಸಮ ಇಳಿಯಬೇಕು. ನಡುವೆ ಎಲ್ಲಾದರೂ ಹಾರಿದರೆ ಸೆನ್ಸರ್ ಹೋಗಿದೆ. ಅಂಕಿ ಸರಿಯಿದ್ದರೆ ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ. ಕಪ್ಲರಿನೊಳಗೆ ಹಸಿರು ಕಿಲುಬು ಕೂತಿದೆಯೇ, ಪಿನ್ ಸಡಿಲವಾಗಿದೆಯೇ, ವೈರ್ ಎಕ್ಸಾಸ್ಟ್ ಪೈಪಿಗೆ ತಾಗಿ ಸುಟ್ಟಿದೆಯೇ ನೋಡಿ. ಎಂಜಿನ್ ಓಡುತ್ತಿರುವಾಗ ವೈರನ್ನು ಉದ್ದಕ್ಕೂ ಮೆಲ್ಲಗೆ ಅಲುಗಾಡಿಸುತ್ತ ಬನ್ನಿ. ದೋಷವಿರುವ ಜಾಗಕ್ಕೆ ಕೈ ಬಂದಾಗ ಮುಳ್ಳು ಹೇಳಿಬಿಡುತ್ತದೆ. ಫ್ಯಾನ್ ಮತ್ತು ಬೆಲ್ಟಿನಿಂದ ಮಾತ್ರ ಕೈ ದೂರ ಇರಲಿ.

ಸ್ಕ್ಯಾನರಿನಲ್ಲಿ ಒಮ್ಮೊಮ್ಮೆ ಮೈನಸ್ 40 ಡಿಗ್ರಿ ಕಂಡರೆ ಹೆದರಬೇಡಿ. ವೈರ್ ಎಲ್ಲೋ ಕಡಿದಿದೆ ಎಂಬುದನ್ನು ಕಂಪ್ಯೂಟರ್ ಹಾಗೆ ಓದುತ್ತದೆ, ಪಿ0118 ಎಂಬ ಕೋಡ್ ಕೂಡ ಹಾಕುತ್ತದೆ. ವೈರ್ ಬಾಡಿಗೆ ತಾಗಿ ಶಾರ್ಟ್ ಆಗಿದ್ದರೆ ಪಿ0117. ಇಂಥ ಹೊತ್ತಿನಲ್ಲಿ ಎಂಜಿನ್ ಉಳಿಸಲು ಹಲವು ಕಾರುಗಳು ಫ್ಯಾನನ್ನು ಬಿಡದೆ ಓಡಿಸುತ್ತವೆ. ಕೀ ಹಾಕಿದೊಡನೆ ಫ್ಯಾನ್ ಶುರುವಾಗುವ ಗಾಡಿಯಲ್ಲಿ ಮೊದಲು ಈ ಕಪ್ಲರ್ ನೋಡಿ.

ಹಳೆಯ ಗಾಡಿಗಳ ಒಂಟಿ ವೈರಿನ ಸೆನ್ಸರಿಗೆ ಅರ್ಥಿಂಗ್ ಸಿಗುವುದು ತನ್ನ ಥ್ರೆಡ್ ಮೂಲಕ, ಎಂಜಿನ್ನಿನಿಂದ. ಸೋರದಿರಲಿ ಎಂದು ಥ್ರೆಡ್ ತುಂಬ ಟೆಫ್ಲಾನ್ ಟೇಪ್ ಸುತ್ತಿದರೆ ಆ ಅರ್ಥಿಂಗ್ ಕೆಡಬಹುದು. ನಮ್ಮ ಬೀದಿಯ ಮೇಷ್ಟ್ರೊಬ್ಬರ ಹಳೆಯ ಕಾರಿನ ಕತೆ ಇನ್ನೂ ಸ್ವಾರಸ್ಯದ್ದು. 'ಹಗಲೆಲ್ಲ ಸರಿ ಇರುತ್ತೆ ಕಣ್ರೀ, ಕತ್ತಲಾದ ಮೇಲೆ ಹೀಟ್ ಆಗುತ್ತೆ' ಎನ್ನುತ್ತಿದ್ದರು. ರಾತ್ರಿಯ ತಂಪಿನಲ್ಲಿ ಎಂಜಿನ್ ಹೆಚ್ಚು ಕಾಯುವುದು ಹೇಗೆ? ಗಾಡಿ ನಿಲ್ಲಿಸಿಯೇ ಹೆಡ್‌ಲೈಟ್ ಹಾಕಿಸಿದೆ: ಮುಳ್ಳು ಮೇಲೆ ಸರಿಯಿತು. ಬ್ಲೋವರ್ ಹಾಕಿದರೆ ಇನ್ನಷ್ಟು. ಎಲ್ಲ ಆರಿಸಿದರೆ ಸ್ವಸ್ಥಾನಕ್ಕೆ. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬಾಡಿಗೆ ಹಿಡಿದಾಗ, ದೀಪ ಉರಿಯುತ್ತಿರುವಾಗ ಅರ್ಧ ವೋಲ್ಟಿಗೂ ಹೆಚ್ಚು ತೋರಿತು. ಅಲ್ಲಿ 0.1 ವೋಲ್ಟ್ ಆಸುಪಾಸು ಇದ್ದರೆ ಸರಿ. ಎಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ಅರ್ಥಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಅದರ ಕೆಳಗೆ ತುಕ್ಕಿನ ಪುಡಿ. ಬಾಡಿಯ ಕರೆಂಟ್ ಬ್ಯಾಟರಿಗೆ ಮರಳಲು ದಾರಿ ಕಿರಿದಾದಾಗ ಮೀಟರಿನ ಅಳತೆಯೇ ತಪ್ಪುತ್ತದೆ. ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ ಮೇಲೆ ಹಗಲು ರಾತ್ರಿಗಳ ವ್ಯತ್ಯಾಸ ಹೋಯಿತು. ಪೆಟ್ರೋಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಜೊತೆಯಾಗಿ ಅಲುಗಾಡುವ ಗಾಡಿಯಲ್ಲೂ ಅನುಮಾನ ಅರ್ಥಿಂಗ್ ಮೇಲೆಯೇ ಇರಲಿ, ಇಲ್ಲವೆಂದರೆ ಹಳೆಯ ಮೀಟರ್‌ಗಳ ಹಿಂದೆ ಎರಡಕ್ಕೂ ಸೇರಿ ಇರುವ ವೋಲ್ಟೇಜ್ ಸ್ಟೆಬಿಲೈಸರ್ ಮೇಲೆ.

ಒಳಗೆ ಸೇರಿದ ಗಾಳಿ, ಸೋತ ಕ್ಯಾಪ್

ಶಾಖ ನಿಜವೆಂದು ತಿಳಿದ ಮೇಲೆ ಮೊದಲು ನೋಡಬೇಕಾದ್ದು ಕೂಲೆಂಟ್ ಮಟ್ಟ. ರಿಸರ್ವ್ ಬಾಟಲಿಯಲ್ಲಿ ಮ್ಯಾಕ್ಸ್ ಗೆರೆಯವರೆಗೆ ಇದೆ ಎಂದು ಸುಮ್ಮನಾಗಬೇಡಿ. ರೇಡಿಯೇಟರಿಗೇ ಕ್ಯಾಪ್ ಇರುವ ಕಾರುಗಳಲ್ಲಿ ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದು ಮಾಮೂಲು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆರೆದು ನೋಡಿ, ಕೂಲೆಂಟ್ ಬಾಯಿಯವರೆಗೆ ಇರಬೇಕು.

ಹೀಗಾಗುವುದಕ್ಕೆ ಕಾರಣ ಬಹಳ ಸಲ ಆ ಕ್ಯಾಪೇ. ಅದರಲ್ಲಿ ಎರಡು ವಾಲ್ವ್ ಇವೆ. ದೊಡ್ಡ ಸ್ಪ್ರಿಂಗಿನದು ಒತ್ತಡವನ್ನು ಹಿಡಿದಿಡುತ್ತದೆ, ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 0.9 ಬಾರ್ ಆಸುಪಾಸು, ಕ್ಯಾಪಿನ ಮೇಲೆಯೇ ಬರೆದಿರುತ್ತದೆ. ನಡುವಿನ ಪುಟ್ಟ ಬಿಲ್ಲೆ ಎಂಜಿನ್ ಆರುವಾಗ ಬಾಟಲಿಯಿಂದ ಕೂಲೆಂಟನ್ನು ವಾಪಸ್ ಎಳೆದುಕೊಳ್ಳಲು. ಕ್ಯಾಪ್ ತಿರುವಿ ಹಿಡಿದು ಆ ಬಿಲ್ಲೆಯನ್ನು ಉಗುರಿನಿಂದ ಎಳೆಯಿರಿ. ಮೆಲ್ಲಗೆ ಬಂದು, ಬಿಟ್ಟೊಡನೆ ಟಪ್ ಎಂದು ಕೂರಬೇಕು. ಅಂಟಿಕೊಂಡಿದ್ದರೆ ಬಾಟಲಿಯ ಕೂಲೆಂಟ್ ಒಳಗೆ ಹೋಗುವುದೇ ಇಲ್ಲ. ಆರಿದ ಗಾಡಿಯ ಮೇಲಿನ ಹೋಸ್ ಚಪ್ಪಟೆಯಾಗಿ ಒಳಸರಿದಿರುವುದು ಅದರ ಗುರುತು. ರಬ್ಬರ್ ಬಿರಿದಿದ್ದರೆ, ಅಂಚಿನಲ್ಲಿ ಗೀರು ಬಿದ್ದಿದ್ದರೆ ಒತ್ತಡ ನಿಲ್ಲುವುದಿಲ್ಲ.

ಒತ್ತಡ ನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರುಗಳ ಎತ್ತರವನ್ನೇ ತೆಗೆದುಕೊಳ್ಳಿ. ಸಮುದ್ರ ಮಟ್ಟದ ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೆ, ಮಡಿಕೇರಿಯಲ್ಲಿ 96ಕ್ಕೆ ಕುದಿಯುತ್ತದೆ. ಎಷ್ಟೋ ಕಾರುಗಳಲ್ಲಿ ಫ್ಯಾನ್ ಶುರುವಾಗುವುದೇ 95 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಕ್ಯಾಪ್ ಸೋತ ಕಾರಿನಲ್ಲಿ ಬರೀ ನೀರು ತುಂಬಿಸಿದ್ದರೆ, ಘಾಟಿ ಹತ್ತುವಾಗ ಫ್ಯಾನ್ ತಿರುಗುವ ಹೊತ್ತಿಗಾಗಲೇ ಸಿಲಿಂಡರ್ ಹೆಡ್ಡಿನ ಸುತ್ತ ಆವಿ ಗುಳ್ಳೆಗಳು ಎದ್ದಿರುತ್ತವೆ. ಗುಳ್ಳೆ ಸೆನ್ಸರಿಗೆ ತಾಗಿದಾಗ ಮುಳ್ಳು ಒಂದು ಕಡೆಗೆ, ಹಿಂದೆಯೇ ದ್ರವ ಬಂದಾಗ ಇನ್ನೊಂದು ಕಡೆಗೆ. ಕ್ಯಾಪ್ ಸರಿಯಾಗಿದ್ದರೆ ಅದೇ ನೀರು 115 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಅರ್ಧ ಕೂಲೆಂಟ್ ಬೆರೆಸಿದ್ದರೆ ಇನ್ನೂ ಮೇಲೆ. ಕಾರಿನ ಅತಿ ಅಗ್ಗದ ಬಿಡಿಭಾಗಗಳಲ್ಲಿ ಒಂದಾದ ಈ ಕ್ಯಾಪನ್ನು ಎಲ್ಲಕ್ಕಿಂತ ಕೊನೆಗೆ ನೋಡುವ ರೂಢಿ ನನಗೆ ಬೇಸರ ತರಿಸುತ್ತದೆ.

ಹೋಸೋ ರೇಡಿಯೇಟರೋ ಬದಲಿಸಿದ ಮರುದಿನದಿಂದ ಮುಳ್ಳು ಕುಣಿಯಲು ಶುರುವಾಗಿದ್ದರೆ, ಗಾಳಿ ತೆಗೆಯದೆ ಕೂಲೆಂಟ್ ಸುರಿದು ಮುಚ್ಚಿದ್ದಾರೆ ಎಂದೇ ಹಿಡಿಯಿರಿ. ಮಾರುತಿ ಓಮ್ನಿಯಂಥ ಗಾಡಿಯಲ್ಲಿ ಇದು ಇನ್ನೂ ಹೆಚ್ಚು. ಅದರಲ್ಲಿ ಎಂಜಿನ್ ಸೀಟಿನ ಕೆಳಗೆ, ರೇಡಿಯೇಟರ್ ಮುಂದೆ, ನಡುವೆ ಉದ್ದನೆಯ ಪೈಪುಗಳು. ಗಾಳಿ ಅಡಗಿ ಕೂರಲು ಬೇಕಾದಷ್ಟು ಜಾಗ.

ಗಾಳಿ ತೆಗೆಯುವುದು ಮನೆಯಲ್ಲೇ ಆಗುವ ಕೆಲಸ. ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಮೇಲಿರುವಂತೆ ಗಾಡಿಯ ಮೂತಿಯನ್ನು ಏರಿನ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ನಾಬನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ, ಇಲ್ಲದಿದ್ದರೆ ಕೆಲವು ಕಾರುಗಳಲ್ಲಿ ಹೀಟರಿನೊಳಗಿನ ಗಾಳಿ ಅಲ್ಲೇ ಉಳಿಯುತ್ತದೆ. ತಣ್ಣನೆಯ ಎಂಜಿನ್ನಿಗೆ ಕೂಲೆಂಟನ್ನು ಸಣ್ಣ ಧಾರೆಯಲ್ಲಿ ಸುರಿಯಿರಿ, ಮೇಲಿನ ಹೋಸನ್ನು ಹಿಸುಕಿ ಹಿಸುಕಿ ಬಿಡಿ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇರುವ ಗಾಡಿಯಾದರೆ ಅಲ್ಲಿಂದ ಗುಳ್ಳೆಯಿಲ್ಲದೆ ಧಾರೆ ಬರುವವರೆಗೆ ಸಡಿಲವಾಗಿರಲಿ. ಕ್ಯಾಪ್ ತೆರೆದಿಟ್ಟೇ ಸ್ಟಾರ್ಟ್ ಮಾಡಿ. ಒಂದಷ್ಟು ಹೊತ್ತು ಏನೂ ಆಗುವುದಿಲ್ಲ. ಥರ್ಮೋಸ್ಟಾಟ್ ತೆರೆದ ಕೂಡಲೇ ಬಾಯಿಯಲ್ಲಿ ದೊಡ್ಡ ಗುಳ್ಳೆಗಳು ಬುಳಕ್ಕೆಂದು ಎದ್ದು ಮಟ್ಟ ಕುಸಿಯುತ್ತದೆ. ಮತ್ತೆ ತುಂಬಿಸಿ, ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಓಡಿಸಿ. ಪೋಲೊದಂತೆ ಬಾಟಲಿಗೇ ಒತ್ತಡದ ಕ್ಯಾಪ್ ಇರುವ ಕಾರುಗಳಲ್ಲಿ ಇದೆಲ್ಲ ಆ ಬಾಟಲಿಯ ಮೂಲಕವೇ.

ತುಂಬಿಸುವುದು ಏನನ್ನು? ಕಾನ್ಸಂಟ್ರೇಟ್ ತಂದರೆ ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ನೀರು ಬೆರೆಸಿ. ನೀರು ಸೇರಿಸದೆ ಸುರಿದರೆ ಶಾಖ ಹೊರುವ ಶಕ್ತಿ ಕಡಿಮೆ. ಹಸಿರು, ಗುಲಾಬಿ ಬಣ್ಣ ನೋಡಿ ಒಂದೇ ಜಾತಿ ಎಂದುಕೊಳ್ಳಬೇಡಿ, ಬೇರೆ ಬೇರೆ ರಾಸಾಯನಿಕದವು ಬೆರೆತರೆ ಗಸಿ ಕಟ್ಟಬಹುದು. ಬಯಲುಸೀಮೆಯ ಬೋರ್‌ವೆಲ್ ನೀರನ್ನಂತೂ ಹಾಕಲೇಬೇಡಿ. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಗಾರೆಯೇ ರೇಡಿಯೇಟರಿನ ಸೂಜಿ ಸಂದಿಯಂಥ ಕೊಳವೆಗಳಲ್ಲೂ ಕಟ್ಟುತ್ತದೆ.

ಥರ್ಮೋಸ್ಟಾಟ್

ಚಳಿಯ ಬೆಳಿಗ್ಗೆ ಮುಳ್ಳು ಮಧ್ಯ ದಾಟಿ ಏರಿ, ತಟ್ಟನೆ ಇಳಿದು, ಮತ್ತೆ ಏರಿದರೆ ವಾಲ್ವ್ ಅಂಟಿಕೊಂಡು ತಡವಾಗಿ ತೆರೆಯುತ್ತಿದೆ. ಹೆದ್ದಾರಿಯಲ್ಲಿ ವೇಗ ಹೆಚ್ಚಿದಷ್ಟೂ ಮುಳ್ಳು ಕೆಳಗಿಳಿದು, ಸಿಗ್ನಲಿನಲ್ಲಿ ನಿಂತಾಗ ಮಧ್ಯಕ್ಕೆ ಬಂದರೆ ಅದು ತೆರೆದೇ ಉಳಿದಿದೆ. ಸ್ಕ್ಯಾನರಿನಲ್ಲಿ ಪಿ0128 ಕೋಡ್ ಬಂದರೆ ಅದೂ ಹೆಚ್ಚಾಗಿ ಇದನ್ನೇ ಹೇಳುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಮುಟ್ಟುತ್ತಿರಿ. ಅದು ಬಹಳ ಹೊತ್ತು ತಣ್ಣಗೇ ಇದ್ದು ಒಮ್ಮೆಲೇ ಬಿಸಿಯಾಗಬೇಕು. ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಬೆಚ್ಚಗಾಗುತ್ತ ಬಂದರೆ ವಾಲ್ವ್ ಮುಚ್ಚುತ್ತಿಲ್ಲ. ಥರ್ಮೋಸ್ಟಾಟ್ ಕೆಳಗಿನ ಹೋಸಿನ ಕಡೆ ಇರುವ ಎಂಜಿನ್ನುಗಳೂ ಇವೆ, ಅಲ್ಲಿ ಈ ಪರೀಕ್ಷೆಯನ್ನು ಕೆಳಗಿನ ಹೋಸಿನ ಮೇಲೆ ಮಾಡಬೇಕು.

ಬಿಚ್ಚಿ ತೆಗೆದ ಮೇಲೆ ಸಂಶಯ ಉಳಿಯಬಾರದು. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ, ತಳಕ್ಕೆ ತಾಗದಂತೆ ಥರ್ಮೋಸ್ಟಾಟ್ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಕಾಯಿಸಿ. ಅದರ ಮೇಲೆ ಕೊರೆದ ಅಂಕಿಯ ಹತ್ತಿರ, 82 ಎಂದಿದ್ದರೆ 82ರ ಆಸುಪಾಸು, ತೆರೆಯಲು ಶುರುವಾಗಬೇಕು. ಅಲ್ಲಿಂದ ಹತ್ತು ಹದಿನೈದು ಡಿಗ್ರಿಯೊಳಗೆ ಪೂರ್ತಿ ತೆರೆದುಕೊಳ್ಳಬೇಕು. ಒಲೆ ಆರಿಸಿ ಮುಚ್ಚುವುದನ್ನೂ ನೋಡಿ. ತೆರೆಯುವುದು ಸರಿಯಿದ್ದು ಮುಚ್ಚುವಾಗ ಅರ್ಧದಲ್ಲಿ ನಿಲ್ಲುವ ವಾಲ್ವ್ ಎಷ್ಟೋ ಇರುತ್ತವೆ. ವಾಪಸ್ ಕೂರಿಸುವಾಗ ಅದರಲ್ಲಿರುವ ಪುಟ್ಟ ಅಲುಗಾಡುವ ಪಿನ್ ಮೇಲ್ಭಾಗಕ್ಕೆ ಬರಲಿ. ಗಾಳಿ ಹೊರಗೆ ಹೋಗುವ ಕಿಂಡಿ ಅದು.

'ನಮ್ಮ ಹವೆಗೆ ಥರ್ಮೋಸ್ಟಾಟ್ ಯಾಕೆ ಸಾರ್, ತೆಗೆದುಬಿಡೋಣ' ಎಂಬ ಸಲಹೆ ಊರೂರಿನಲ್ಲೂ ಸಿಗುತ್ತದೆ. ದಯವಿಟ್ಟು ಒಪ್ಪಬೇಡಿ. ವಾಲ್ವ್ ಇಲ್ಲದ ಎಂಜಿನ್ ತನ್ನ ಶಾಖಕ್ಕೆ ಬರುವುದೇ ಇಲ್ಲ. ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ, ಮೈಲೇಜ್ ಇಳಿಯುತ್ತದೆ, ಆಯಿಲಿಗೆ ಸೇರಿದ ತೇವ ಆರದೆ ಗಸಿಯಾಗುತ್ತದೆ. ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವೂ ಇದೇ ವಾಲ್ವಿನದಾಗಿರುವ ಎಂಜಿನ್ನುಗಳಲ್ಲಂತೂ, ಅದನ್ನು ತೆಗೆದರೆ ಬಿಸಿ ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಸುತ್ತುತ್ತ ಉಳಿದು ಘಾಟಿಯಲ್ಲಿ ಇನ್ನಷ್ಟು ಹೀಟ್ ಆಗುತ್ತದೆ.

ಫ್ಯಾನ್, ರೇಡಿಯೇಟರ್, ಪಂಪ್

ಸಿಟಿ ಟ್ರಾಫಿಕ್‌ನಲ್ಲಿ ಏರಿ, ಹೆದ್ದಾರಿಗೆ ಬಂದೊಡನೆ ಇಳಿದರೆ ಫ್ಯಾನ್. ಎಸಿ ಹಾಕಿ ನೋಡಿ, ಬಹುತೇಕ ಕಾರುಗಳಲ್ಲಿ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ಫ್ಯಾನಿಗೆ ಕರೆಂಟ್ ಹಾಯಿಸುವ ಸ್ವಿಚ್ಚಾದ ರಿಲೇ. ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಬಹುದು. ಮೋಟರಿಗೆ ನೇರ 12 ವೋಲ್ಟ್ ಕೊಟ್ಟರೂ ಅಲುಗದೆ, ಬಡಿದರೆ ಮಾತ್ರ ತಿರುಗಿದರೆ ಬ್ರಷ್ ಸವೆದಿದೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ಶುರುವಾಗುತ್ತದೆ ಎಂಬುದು ನೆನಪಿರಲಿ.

ಇದಕ್ಕೆ ತದ್ವಿರುದ್ಧ, ಊರೊಳಗೆ ಸರಿಯಿದ್ದು ಶಿರಾಡಿ, ಚಾರ್ಮಾಡಿ ಹತ್ತುವಾಗ ಅಥವಾ ಹೆದ್ದಾರಿಯ ವೇಗದಲ್ಲಿ ಏರಿದರೆ ರೇಡಿಯೇಟರ್ ಕಟ್ಟಿದೆ. ಹೊರಗಿನ ಕೊಳೆ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಸೇರಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲುವಾದ ಧಾರೆಯಲ್ಲಿ ತೊಳೆಯಿರಿ. ಒಳಗೆ ಕಟ್ಟಿದ್ದರೆ ಬಿಸಿ ಎಂಜಿನ್ನಿನ ರೇಡಿಯೇಟರ್ ಮೇಲೆ ಇನ್‌ಫ್ರಾರೆಡ್ ಗನ್ ಅಡ್ಡಡ್ಡ ಆಡಿಸಿ; ಅಕ್ಕಪಕ್ಕ ಬಿಸಿಯಿದ್ದು ನಡುವೆ ತಣ್ಣನೆಯ ಪಟ್ಟೆ ಸಿಕ್ಕರೆ ಅಲ್ಲಿನ ಕೊಳವೆಗಳಲ್ಲಿ ಹರಿವು ನಿಂತಿದೆ.

ವಾಟರ್ ಪಂಪ್ ಕೆಟ್ಟರೆ ಸಾಮಾನ್ಯವಾಗಿ ಸೋರಿಕೆಯೋ ಬೇರಿಂಗ್ ಸದ್ದೋ ಮೊದಲೇ ಕೇಳಿಬರುತ್ತದೆ. ಅದನ್ನು ತಿರುಗಿಸುವ ಬೆಲ್ಟ್ ಸಡಿಲವಿಲ್ಲವೆಂದು ನೋಡಿ ಮುಂದೆ ಹೋಗಿ.

ಹೆಡ್ ಗ್ಯಾಸ್ಕೆಟ್

ಗಾಳಿ ಎಷ್ಟು ಸಲ ತೆಗೆದರೂ ಮತ್ತೆ ಸೇರುತ್ತಿದ್ದರೆ, ಹೊರಗೆ ಹನಿ ಸೋರಿಕೆಯಿಲ್ಲದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಆ ಗಾಳಿ ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಗ್ಯಾಸ್ಕೆಟ್ ದಾಟಿ ಸಿಲಿಂಡರಿನಿಂದ ಬರುತ್ತಿರಬಹುದು. ರಾತ್ರಿಯಿಡೀ ನಿಂತ ಗಾಡಿಯ ಕ್ಯಾಪ್ ತೆರೆದು ಸ್ಟಾರ್ಟ್ ಮಾಡಿ. ಎಂಜಿನ್ ಇನ್ನೂ ತಣ್ಣಗಿರುವಾಗಲೇ ಸಣ್ಣ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ, ಅಥವಾ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅನುಮಾನ ಬಲವಾಯಿತು. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಕಂಡಿತೆಂದ ಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ. ಮಳೆಗಾಲದಲ್ಲಿ ದಿನವೂ ಹತ್ತಿರದ ಓಡಾಟಕ್ಕಷ್ಟೇ ಬಳಸುವ ಗಾಡಿಯಲ್ಲೂ ಅದು ಕಾಣುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೇ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದು ಬೇರೆ ಮಾತು. ಖಚಿತ ಮಾಡಿಕೊಳ್ಳಲು ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುವ ಬ್ಲಾಕ್ ಟೆಸ್ಟ್ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಸುಟ್ಟ ಅನಿಲ ಸೇರಿದ್ದರೆ ದ್ರಾವಣ ಹಳದಿಯಾಗುತ್ತದೆ. ಹೆಡ್ ಇಳಿಸುವ ಮುನ್ನ ಈ ಪರೀಕ್ಷೆ ಮಾಡಿಸಿಯೇ ಮಾಡಿಸಿ, ಏಕೆಂದರೆ ಇಳಿಸಿದ ಮೇಲೆ ಕೂಲಿಯೂ ಗ್ಯಾಸ್ಕೆಟ್ ಸೆಟ್ಟಿನ ಖರ್ಚೂ ತಪ್ಪುವುದಿಲ್ಲ.

ದಾರಿ ಮಧ್ಯೆ ಏರಿದರೆ

ಮುಳ್ಳು ಕೆಂಪಿಗೆ ಬಂದಿಲ್ಲ, ಆವಿಯೂ ಇಲ್ಲ, ನಿಲ್ಲಿಸಲು ಜಾಗ ಸ್ವಲ್ಪ ಮುಂದಿದೆ ಎಂದಾದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗಿಟ್ಟು ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಹೀಟರ್ ಕಾಯಿಲೂ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಶಾಖವನ್ನು ಒಳಕ್ಕೆ ಎಳೆದು ಹಾಕುತ್ತದೆ. ಕೂತವರಿಗೆ ಬೆವರು ಕಿತ್ತುಬರುತ್ತದೆ, ಸಹಿಸಿಕೊಳ್ಳಿ. ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಅಲ್ಲಿಗೆ ಕೂಲೆಂಟ್ ತಲುಪುತ್ತಿಲ್ಲ. ಆಗ, ಇಲ್ಲವೇ ಮುಳ್ಳು ಕೆಂಪು ಮುಟ್ಟಿದರೆ, ಆ ಕ್ಷಣವೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಎರಚಬೇಡಿ, ಹೆಡ್ ಬಿರಿಯಬಹುದು.

ಯಾವ ರಿಪೇರಿ ಮಾಡಿಸಿದರೂ ದೋಷ ಕಂಡಿದ್ದ ಅದೇ ರಸ್ತೆ, ಅದೇ ವೇಗ, ಅದೇ ಎಸಿ ಇಟ್ಟುಕೊಂಡು ಒಮ್ಮೆ ಓಡಿಸಿ ನೋಡಿ. ಬಾಟಲಿಯ ಮೇಲೆ ಕೂಲೆಂಟ್ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದಿಟ್ಟು ಮರುದಿನ ಬೆಳಿಗ್ಗೆ ತಣ್ಣಗಿರುವಾಗ ನೋಡಿ. ಗಾಳಿ ಹೊರಬಿದ್ದ ಜಾಗ ತುಂಬಲು ಮೊದಲ ದಿನ ಸ್ವಲ್ಪ ಇಳಿಯುವುದು ಸಹಜ, ಗೆರೆಯವರೆಗೆ ತುಂಬಿಸಿ. ಅದರ ಮರುದಿನವೂ ಇಳಿದಿದ್ದರೆ ಎಲ್ಲೋ ಸೋರುತ್ತಿದೆ: ಹೋಸ್ ಕ್ಲಿಪ್‌ಗಳು, ಪಂಪಿನ ಕೆಳಭಾಗದ ಸಣ್ಣ ತೂತು, ಪಕ್ಕದ ಸೀಟಿನ ಮುಂದಿನ ಮ್ಯಾಟ್ ಕೆಳಗಿನ ತೇವ (ಹೀಟರ್ ಸೋರಿಕೆಯ ಗುರುತು), ಈ ಕ್ರಮದಲ್ಲಿ ಹುಡುಕಿ.